ಹದಿನಾಲ್ಕನೇ ಬಾಗಿಲು

"ಲೋ, ನಿನ್ನ ತಲೆಗಿರೋದೇ ಒಂದು ಕಿಟಕಿ. ಅದನ್ನೂ ಗೋಡೆ ಕಡೆಗೆ ಇಟ್ಟು ಕಳಿಸಿದಾನೆ ದೇವರು," ಎಂದರು ಕಂಟ್ರಾಕ್ಟರು.

ಮೂರನೇ ಮಹಡಿಯ ಕಾರಿಡಾರಿನಲ್ಲಿ ಎಲ್ಲರಿಗೂ ಕೇಳಿಸಿತು. ಏಣಿಯ ಮೇಲಿದ್ದ ಪೇಂಟರು ಫಕ್ಕನೆ ನಕ್ಕು, ನಕ್ಕಿದ್ದು ತಾನಲ್ಲವೆಂಬಂತೆ ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದಿದ. ಹೊಸ ವಾರ್ಡು ನೋಡಲು ಬಂದಿದ್ದ ಇಬ್ಬರು ನರ್ಸುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೈರು ಎಳೆಯುತ್ತಿದ್ದವರು ಎಳೆಯುವುದನ್ನು ನಿಲ್ಲಿಸಿದರು. ಬೈಸಿಕೊಂಡವನು ಆಮೇಲೆ ಎಣಿಸಿದ: ಒಟ್ಟು ಹನ್ನೊಂದು ಜನ. ಅವಮಾನವಾದಾಗ ತಲೆ ಎಣಿಸುವುದು ಅವನ ಹಳೇ ಚಾಳಿ. ಎಷ್ಟು ಜನರ ಮುಂದೆ ಎಂಬ ಲೆಕ್ಕ ಸಿಕ್ಕಿದರೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳಬೇಕೆಂಬುದೂ ಗೊತ್ತಾಗುತ್ತದೆ.

ಕೆಲಸದವರು ಅವನನ್ನು ಪಟಾಕಿ ಎಂದು ಕರೆಯುತ್ತಿದ್ದರು. ಇಪ್ಪತ್ತನಾಲ್ಕು ವಯಸ್ಸು, ಎಂಟು ವರ್ಷದ ಬಡಗಿ ಕೆಲಸ, ಮೂಗಿನ ತುದಿಯಲ್ಲಿ ಕೋಪ. ಅವನ ಕೈಗೆಲಸದ ಬಗ್ಗೆ ಯಾರೂ ಎರಡು ಮಾತು ಆಡುತ್ತಿರಲಿಲ್ಲ. ಅವನು ಕೂರಿಸಿದ ಬಾಗಿಲು ಮಗು ಊದಿದರೆ ಸರಿಯುತ್ತಿತ್ತು, ಬಿಟ್ಟರೆ ಬಿಟ್ಟಲ್ಲೇ ನಿಲ್ಲುತ್ತಿತ್ತು.

ಈಗ ಆಗಿದ್ದೂ ಬಾಗಿಲಿನದೇ ಎಡವಟ್ಟು. ಆಸ್ಪತ್ರೆಯ ಹೊಸ ವಾರ್ಡಿನಲ್ಲಿ ಹದಿನಾಲ್ಕು ಕೋಣೆ, ಕೋಣೆಗೊಂದು ಬಚ್ಚಲು. ಬಚ್ಚಲ ಬಾಗಿಲು ಕೋಣೆಯ ಕಡೆಗೆ, ಅಂದರೆ ಹೊರಗೆ ತೆರೆಯಬೇಕೆಂದು ಡ್ರಾಯಿಂಗಿನಲ್ಲಿ ಇತ್ತು. ಮೊದಲನೇ ಕೋಣೆಯಲ್ಲಿ ಹಾಗೇ ಕೂರಿಸಿದ. ತೆರೆದು ನೋಡಿದರೆ ಅದು ಕೋಣೆಯ ಹೆಬ್ಬಾಗಿಲಿಗೆ ಅಡ್ಡ ನಿಂತಿತು. ಹೊರಗಿನಿಂದ ಮಂಚ ತಳ್ಳಿಕೊಂಡು ಬಂದರೆ ನೇರ ಇದಕ್ಕೆ ಗುದ್ದುತ್ತದೆ. ಇಷ್ಟು ಓದಿದವರಿಗೆ ಇದು ಕಾಣಲಿಲ್ಲವಲ್ಲ ಎಂದು ಅವನಿಗೆ ಒಳಗೊಳಗೇ ಖುಷಿಯಾಯಿತು. ಯಾರನ್ನೂ ಕೇಳದೆ, ಮೂರು ದಿನ ಊಟದ ಹೊತ್ತಿನಲ್ಲೂ ಕೂರದೆ, ಹದಿನಾಲ್ಕನ್ನೂ ಒಳಗೆ ತೆರೆಯುವಂತೆ ತಿರುಗಿಸಿ ಹಾಕಿದ. ಶನಿವಾರ ಕಂಟ್ರಾಕ್ಟರು ಬರುತ್ತಾರೆ, ನೋಡುತ್ತಾರೆ, ಬೆನ್ನು ತಟ್ಟುತ್ತಾರೆ. ಊರಾಚೆಯ ಹೊಸ ಸೈಟಿಗೆ ಮೇಸ್ತ್ರಿ ಯಾರೆಂದು ಸೋಮವಾರ ಹೇಳುವುದಿತ್ತು. ಅವನು, ಇಲ್ಲವೇ ಕನ್ನಡಕ ಎಂಬ ಅಡ್ಡಹೆಸರಿನ ಡಿಪ್ಲೊಮಾ ಹುಡುಗ. ಬೇರೆ ಯಾರೂ ಲೆಕ್ಕದಲ್ಲಿರಲಿಲ್ಲ. ಮೇಸ್ತ್ರಿಯಾದವನನ್ನು ಯಾರೂ 'ಲೋ' ಅನ್ನುವುದಿಲ್ಲ. ಅವನಿಗೆ ಬೇಕಾಗಿದ್ದು ಅದೇ.

ಶನಿವಾರ ಕಂಟ್ರಾಕ್ಟರು ಬಂದರು. ಜೊತೆಗೆ ಇಂಜಿನಿಯರಮ್ಮನೂ ಬಂದರು. ಒಂದು ಬಾಗಿಲು ತಳ್ಳಿ ನೋಡಿ, "ಇದು ಹೊರಗೆ ತೆಗೀಬೇಕಿತ್ತಲ್ಲ. ಬದಲಾಯಿಸಿ," ಎಂದಷ್ಟೇ ಹೇಳಿ ಫೋನ್ ಎತ್ತಿಕೊಂಡರು. ಆಗ ಬಂದಿತ್ತು ಕಿಟಕಿಯ ಮಾತು.

"ಯಾಕೆ ಸಾರ್? ಒಳಗೆ ತೆಗೆದ್ರೆ ಏನು ತಪ್ಪು?" ಎಂದು ಅವನು ಕೇಳಿದ.

"ಯಾಕೆ ಅಂತ ಕೇಳೋಕೆ ಎಂಟನೇ ಕ್ಲಾಸು ಸಾಲದಪ್ಪ. ಸೋಮವಾರ ಬೆಳಿಗ್ಗೆ ಅಷ್ಟರಲ್ಲಿ ಹದಿನಾಲ್ಕೂ ಸರಿಯಾಗಿರಬೇಕು. ಮಾಡಿದ್ದುಣ್ಣೋ ಮಹರಾಯ."

ಸಂಜೆ ನಲ್ಲಿಯ ಹತ್ತಿರ ಕೈ ತೊಳೆಯುವಾಗ ಕನ್ನಡಕ ಪಕ್ಕಕ್ಕೆ ಬಂದು ನಿಂತ. ಸೋಪು ಮುಂದೆ ಚಾಚಿದ.

"ನನ್ನನ್ನ ಒಂದ್ ಮಾತು ಕೇಳಿದ್ರೆ ಹೇಳ್ತಿದ್ದೆ ಗುರು."

"ನಿನ್ನನ್ನ ಯಾಕೆ ಕೇಳ್ಬೇಕು?"

"ಅದೂ ಸರಿ," ಎಂದು ಕನ್ನಡಕ ಸೋಪನ್ನು ಕಟ್ಟೆಯ ಮೇಲಿಟ್ಟು ಹೋದ. ಪಟಾಕಿ ಸೋಪು ಮುಟ್ಟದೆ ಬರೀ ನೀರಿನಲ್ಲಿ ಕೈ ತೊಳೆದುಕೊಂಡ. ಅಂಟು ಹೋಗಲಿಲ್ಲ.

ಭಾನುವಾರ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಅವನು ಎಂಟು ಗಂಟೆಗೇ ಬಂದ. ಸೈಕಲ್ ಅಂಗಡಿಯ ಮೇಲಿನ ಅವನ ಬಾಡಿಗೆ ಕೋಣೆಯಲ್ಲಿ ಒಂದು ಮಂಚ, ಒಂದು ಮೊಳೆ, ಮೊಳೆಗೆ ಒಂದು ಅಂಗಿ. ರಜೆಯ ದಿನ ಆ ಅಂಗಿಯ ಜೊತೆ ಎಷ್ಟು ಹೊತ್ತು ಮಾತಾಡಲಾದೀತು? ಇಲ್ಲಾದರೂ ಡ್ರಿಲ್ಲಿನ ಸದ್ದಿತ್ತು. ಮೊದಲ ಕೋಣೆಯಿಂದ ಶುರುಮಾಡಿ ಕೀಲು ಬಿಚ್ಚುವುದು, ಚೌಕಟ್ಟಿನ ಪಟ್ಟಿ ಕಿತ್ತು ಆಚೆ ಬದಿಗೆ ಹೊಡೆಯುವುದು, ಹಳೇ ತೂತಿಗೆ ಕಡ್ಡಿ ತುಂಬಿ ಹೊಸ ತೂತು ಕೊರೆಯುವುದು. ಪ್ರತಿ ಸ್ಕ್ರೂವಿಗೂ ಆ ಹನ್ನೊಂದು ಜನರಲ್ಲಿ ಒಬ್ಬರ ಮುಖ ಕೊಟ್ಟು ತಿರುಗಿಸಿದ.

ಹತ್ತೂವರೆಯ ಹೊತ್ತಿಗೆ ಆರನೇ ಕೋಣೆಯಲ್ಲಿದ್ದಾಗ ಕೆಳಗಿನ ಹಳೇ ವಾರ್ಡಿನ ಆಯಾ ಮಡಿಸಿದ ಹಾಸುಬಟ್ಟೆಗಳ ದೊಡ್ಡ ಗಂಟು ಹೊತ್ತು ಬಂದಳು. ಐವತ್ತೈದು ದಾಟಿದ ಹೆಂಗಸು. ಬೆಳಿಗ್ಗೆಯಿಂದ ಮೆಟ್ಟಿಲು ಹತ್ತಿ ಇಳಿದು ಉಬ್ಬಸ ಬಂದಿತ್ತು.

"ಭಾನುವಾರಾನೂ ಬಡೀತಿದೀಯಲ್ಲಪ್ಪ! ಕೆಳಗಡೆ ರೋಗಿಗಳು ನನಗೆ ದೂರು ಹೇಳ್ತಿದಾರೆ, ನೆಮ್ಮದಿಯಾಗಿ ನರಳೋಕೂ ಬಿಡ್ತಿಲ್ಲ ಅಂತ."

"ಇವತ್ತೊಂದಿನ ತಡ್ಕೊಳಕ್ಕೆ ಹೇಳಿ. ನಾಳೆಯಿಂದ ಎಷ್ಟು ಬೇಕಾದ್ರೂ ನರಳಬಹುದು."

ಅವಳು ನಕ್ಕು ಗಂಟನ್ನು ಮಂಚದ ಮೇಲಿಟ್ಟಳು. ಇನ್ನೂ ತಿರುಗಿಸದ ಬಾಗಿಲನ್ನು ಒಮ್ಮೆ ಒಳಕ್ಕೆ ತಳ್ಳಿ ನೋಡಿದಳು. ನಗು ನಿಂತಿತು.

"ಇದನ್ನ ಒಳಗೆ ತಿರುಗಿಸಿದ ಪುಣ್ಯಾತ್ಮ ಯಾರು?"

"ನಾನೇ. ಈಗ ನೀವೂ ಬೈರಿ. ಒಬ್ಬರು ಕಡಿಮೆ ಇದ್ರು."

ಅವಳು ಬೈಯಲಿಲ್ಲ. ಬಚ್ಚಲ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಚಿಲಕ ಹಾಕಿದ ಸದ್ದು ಬರಲಿಲ್ಲ. "ತೆಗಿ ನೋಡೋಣ," ಎಂದಳು ಒಳಗಿನಿಂದ.

ಅವನು ತಳ್ಳಿದ. ನಾಲ್ಕು ಬೆರಳಷ್ಟು ಸರಿದು ನಿಂತಿತು.

"ಏನು ಅಡ್ಡ ಇಟ್ರಿ?"

"ನನ್ನನ್ನೇ. ಬಿದ್ದಿದೀನಿ. ತೆಗಿ."

ಇನ್ನಷ್ಟು ಒತ್ತಿದ. "ಅಯ್ಯೋ, ಮೆತ್ತಗೆ! ನಿಜವಾಗ್ಲೂ ಸೊಂಟ ಮುರೀತೀಯ!" ಸಂದಿಯಲ್ಲಿ ಒಂದು ಪಾದ, ನೆಲದ ಮೇಲೆ ಹರಡಿದ್ದ ಸೀರೆಯ ಅಂಚು ಕಾಣಿಸಿತು.

"ಈಗೇನು ಮಾಡ್ತೀಯ?"

"ಬಾಗಿಲು ಒಡೀತೀನಿ."

"ಯಾರ ತಲೆ ಮೇಲೆ?"

"ಹಾಗಾದ್ರೆ ಕೀಲು ಬಿಚ್ತೀನಿ."

"ಬಿಚ್ಚು. ಕೀಲು ಎಲ್ಲಿದೆ?"

ಕೀಲು ಒಳಗಡೆ ಇತ್ತು, ಅವಳು ಬಿದ್ದಿದ್ದ ಕಡೆ. ಅವನೇ ಹಾಕಿದ್ದು, ಒಂದೊಂದಕ್ಕೆ ನಾಲ್ಕು ನಾಲ್ಕು ಸ್ಕ್ರೂ ಬಿಗಿದು. ಎತ್ತಿದ ಡ್ರಿಲ್ಲು ಕೈಯಲ್ಲೇ ಉಳಿಯಿತು.

ಅವಳು ಎದ್ದು, ಸೀರೆ ಕೊಡವಿಕೊಂಡು ಹೊರಬಂದು, ಮಂಚದ ತುದಿಯಲ್ಲಿ ಕೂತಳು. "ಕೆಳಗಿನ ವಾರ್ಡಲ್ಲಿ ಮೊದಲು ಎಲ್ಲಾ ಹಿಂಗೇ ಇದ್ವು. ಒಬ್ರು ದೊಡ್ಡ ವಯಸ್ಸಿನೋರು ಹೋಗಿ ಬಿದ್ರು. ನಾನು ಇತ್ಲಾಗೆ ನಿಂತು, 'ಸ್ವಲ್ಪ ಸರ್ಕೊಳ್ಳಿ ಅಣ್ಣಾವ್ರೆ, ಒಂಚೂರು ಕಾಲು ಆಚೆ ತಗೊಳ್ಳಿ' ಅಂತ ಹೇಳ್ತಾನೇ ಇದ್ದೆ. ಅವರು ಒಳಗಿಂದ 'ಆಗಲ್ಲ ತಾಯಿ, ಆಗಲ್ಲ ತಾಯಿ' ಅಂತಿದ್ರು. ಹದಿನೆಂಟು ನಿಮಿಷ. ಆಮೇಲೆ ಅದನ್ನೂ ಅನ್ನಲಿಲ್ಲ."

ಅವನು ಡ್ರಿಲ್ಲನ್ನು ನೆಲಕ್ಕಿಟ್ಟ.

"ಇಷ್ಟನ್ನ ನಿನ್ನೆ ಆ ಮಹಾಶಯರು ಯಾರಾದ್ರೂ ಬಾಯಿಬಿಟ್ಟು ಹೇಳಬಹುದಿತ್ತಲ್ಲ," ಎಂದ ಅವನು. "ಯಾಕೆ ಅಂತ ಕೇಳಿದೆ. ಉಗಿದ್ರು."

"ಕೇಳಿದ್ದು ಉಗಿಸ್ಕೊಂಡ ಮೇಲೋ, ಮುಂಚೇನೋ?"

ಅವನು ಕೋಣೆಯ ಹೆಬ್ಬಾಗಿಲನ್ನು ಕಾಲಿನಿಂದ ತಳ್ಳಿದ. "ಮತ್ತೆ ಇದು? ಹೊರಗೆ ತೆಗೆದ್ರೆ ಬರೋ ಮಂಚಕ್ಕೆ ಗುದ್ದತ್ತೆ. ನಾನೇನು ತಲೆಕೆಟ್ಟು ತಿರುಗಿಸಿದ್ನಾ?"

"ನೀನು ಹೇಳಿದ್ದೂ ಸುಳ್ಳಲ್ಲ. ಮಂಚ ತಳ್ಳೋಳು ನಾನೇ ತಾನೆ? ಕೆಳಗಡೆ ದಿನಾ ನನ್ನ ಬೆರಳು ಜಜ್ಜತ್ತೆ." ಅವಳು ಎಡಗೈ ಎತ್ತಿ ಕಪ್ಪುಗಟ್ಟಿದ ಎರಡು ಉಗುರು ತೋರಿಸಿದಳು. "ಆದ್ರೆ ನನ್ನನ್ನ ಯಾರು ಕೇಳ್ತಾರೆ?"

"ನಾನು ಕೇಳ್ತೀನಿ," ಎಂದ ಅವನು. ಹೇಳಿದ ಮೇಲೆ ನಾಚಿಕೆಯಾಗಿ ಪೆನ್ಸಿಲ್ ಹುಡುಕುವಂತೆ ಜೇಬು ತಡಕಿದ.

ಆಮೇಲೆ ಅರ್ಧ ಗಂಟೆ, ಅವನು ಇನ್ನೂ ಕೈ ಹಾಕದಿದ್ದ ಕೊನೆಯ ಹದಿನಾಲ್ಕನೇ ಕೋಣೆಯಲ್ಲಿ ಒಂದು ಥರದ ಆಟ ನಡೆಯಿತು. ಆಯಾ ಮಂಚ ತಳ್ಳಿಕೊಂಡು ಬಂದಳು, ಅವನು ಕೀಲು ಬಿಚ್ಚಿದ ಬಚ್ಚಲ ಬಾಗಿಲನ್ನು ಹೊರಗೆ ತೆರೆದಂತೆ ಹಿಡಿದು ಅಡ್ಡ ನಿಂತ. ಕೀಲನ್ನು ಚೌಕಟ್ಟಿನ ಈಚೆ ಬದಿಯಿಂದ ಆಚೆ ಬದಿಗೆ, ಮಂಚದ ಕಡೆಗೆ ಬದಲಾಯಿಸಿದರೆ? ಆಗ ಬಾಗಿಲು ಹೊರಗೆ ತೆರೆದರೂ ದಾರಿ ಬಿಡುತ್ತದೆ. ಆದರೆ ಮಂಚದಿಂದ ಎದ್ದು ಬರುವವನಿಗೆ ಬಾಗಿಲಿನ ಬೆನ್ನು ಎದುರಾಗುತ್ತದೆ. ಆಯಾ ಗ್ಲೂಕೋಸ್ ಬಾಟಲಿ ನೇತುಹಾಕುವ ಕಂಬ ಹಿಡಿದು, ಒಂದು ಕಾಲು ಎಳೆಯುತ್ತಾ ಬಾಗಿಲನ್ನು ಬಳಸಿ ಹೋಗುವುದನ್ನು ಮಾಡಿ ತೋರಿಸಿದಳು.

"ಈಗ ಇಲ್ಲಿ ಬಿದ್ದೆ ನೋಡು. ಒಳಗೆ ಬೀಳೋದು ತಪ್ಪಿಸಿ ಹೊರಗೆ ಬೀಳಿಸ್ದೆ ನೀನು."

"ನೀವು ಸುಮ್ಮನೆ ಬೀಳ್ತೀರ. ಕಾಲು ಸರಿಯಾಗಿಡಿ."

"ಕಾಲು ಸರಿಯಾಗಿದ್ದಿದ್ರೆ ಆಸ್ಪತ್ರೆಗ್ಯಾಕೆ ಬರ್ತಿದ್ದೆನೋ ದಡ್ಡ?"

ಅವನು ಜೋರಾಗಿ ನಕ್ಕ. ಖಾಲಿ ಕಾರಿಡಾರಿನಲ್ಲಿ ಆ ನಗು ಬೇರೆ ಯಾರದೋ ಎಂಬಂತೆ ಕೇಳಿಸಿತು. ಬಾಗಿಲು ಅರ್ಧಕ್ಕೆ ನಿಲ್ಲದೆ ಪೂರ್ತಿ ಮಗುಚಿ ಗೋಡೆಗೆ ಒರಗಿಬಿಟ್ಟರೆ ಎರಡು ಕಡೆಯೂ ದಾರಿ ಸಿಗುತ್ತದೆ ಎಂದು ಹೊಳೆದದ್ದು ಆಗಲೇ. ಅದಕ್ಕೆ ಅಗಲ ರೆಕ್ಕೆಯ ಕೀಲು ಬೇಕು. ಗೋದಾಮಿನ ಮೂಲೆಯಲ್ಲಿ ಕಿಟಕಿಗೆಂದು ತಂದು ಉಳಿದ ಒಂದು ಜೊತೆ ಇದ್ದದ್ದು ನೆನಪಾಯಿತು.

"ನನಗೆ ಮೂರು ವಾರ್ಡು ಇದೆಯಪ್ಪ, ನಿನ್ನ ಜೊತೆ ಬೀಳ್ತಾ ಕೂತ್ರೆ ಆಗಲ್ಲ," ಎಂದು ಆಯಾ ಗಂಟು ಬಿಚ್ಚಿ ಹಾಸುಬಟ್ಟೆ ಹಂಚಿ ಇಳಿದುಹೋದಳು. ಅವಳು ಹೋದ ಮೇಲೆ ಮಹಡಿ ಮೊದಲಿಗಿಂತ ದೊಡ್ಡದಾಗಿ ಕಂಡಿತು.

ಹದಿಮೂರು ಬಾಗಿಲುಗಳನ್ನು ಡ್ರಾಯಿಂಗಿನಲ್ಲಿದ್ದಂತೆ ಕೂರಿಸಿದ. ಹದಿನಾಲ್ಕನೆಯದನ್ನು ತನ್ನ ಲೆಕ್ಕದಂತೆ ಮಾಡಿದ. ಮುಗಿದಾಗ ನಾಲ್ಕು ಗಂಟೆ. ಊಟ ಮಾಡಿರಲಿಲ್ಲ. ನೋಡಿಯೇಬಿಡೋಣ ಎಂದು ಒಳಗೆ ಹೋಗಿ ಬಾಗಿಲು ಎಳೆದುಕೊಂಡು, ಆಯಾ ಬಿದ್ದ ಹಾಗೆ ನೆಲದ ಮೇಲೆ ಕೂತು ಬೆನ್ನು ಕೊಟ್ಟ. ಬಡಗಿ ಯಾವಾಗಲೂ ಹೊರಗೆ ನಿಂತೇ ಬಾಗಿಲು ಕೂರಿಸುತ್ತಾನೆ. ಬೆಳಕು, ಸಾಮಾನು, ಓಡಾಡುವ ಜಾಗ ಎಲ್ಲಾ ಅಲ್ಲೇ. ಎಂಟು ವರ್ಷದಲ್ಲಿ ಸಾವಿರ ಬಾಗಿಲಾದರೂ ಕೂರಿಸಿದ್ದಾನು, ಒಂದರ ಒಳಗೂ ಹೀಗೆ ಕೂತು ನೋಡಿರಲಿಲ್ಲ. ಹೊಸ ಸಿಮೆಂಟಿನ ತಣ್ಣನೆ ವಾಸನೆ. ಹೊರಗಿನದೇನೂ ಕೇಳಿಸಲಿಲ್ಲ.

ಅಣ್ಣ ನೆನಪಾದ.

ಅಣ್ಣನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಅಣ್ಣನ ಮದುವೆಯ ಮರುದಿನ, ಹೆಣ್ಣಿನ ಕಡೆಯವರೆಲ್ಲ ಕೂತಿದ್ದಾಗ, "ನನ್ನ ಓದು ತಿಂದವನು ನೀನು" ಎಂದು ಕೂಗಾಡಿ ಇವನು ಎದ್ದು ಬಂದಿದ್ದ. ಆವತ್ತು ತಲೆ ಎಣಿಸಿದವನು ಅಣ್ಣನಿರಬೇಕು. ಎಂಟನೇ ತರಗತಿಯಲ್ಲಿ ಇವನು ಶಾಲೆಯ ಗಾಜು ಒಡೆದಾಗ ಹೆಡ್‌ಮಾಸ್ಟರು ಮನೆಯವರನ್ನು ಕರೆತರಲು ಹೇಳಿದ್ದರು. ಅಪ್ಪ ತೀರಿಕೊಂಡಿದ್ದ. ಇಪ್ಪತ್ತು ವರ್ಷದ ಅಣ್ಣ ಬಂದ, ಮಧ್ಯಾಹ್ನದವರೆಗೆ ಗೇಟಿನ ಹೊರಗೇ ನಿಂತ, ಒಳಗೆ ಬರಲಿಲ್ಲ. ತರಗತಿಯ ಕಿಟಕಿಯಿಂದ ಇವನು ನೋಡುತ್ತಲೇ ಇದ್ದ. ಸಂಜೆ "ಸಾಕು ಬಿಡು" ಎಂದಷ್ಟೇ ಅಣ್ಣ ಅಂದದ್ದು. ಕೆಲಸಕ್ಕೆ ಒಂದು ಕೈ ಸಿಗಲಿ ಎಂದು ಅಣ್ಣ ಬೇಕೆಂದೇ ಶಾಲೆ ಬಿಡಿಸಿದ. ಹತ್ತು ವರ್ಷ ಇವನು ನಂಬಿಕೊಂಡು ಬಂದ ಕಥೆ ಇದು.

ಈಗ ಬಚ್ಚಲ ನೆಲದ ಮೇಲೆ ಕೂತು ಗೇಟಿನ ಆಚೆಯಿಂದ ನೋಡಲು ಪ್ರಯತ್ನಿಸಿದ. ಅಣ್ಣನ ತಲೆ ಅವತ್ತು ಒದ್ದೆಯಾಗಿತ್ತು, ನೀಟಾಗಿ ಬಾಚಿತ್ತು. ಅಂಗಿ ಅವನದಲ್ಲ, ತೋಳು ಉದ್ದವಾಗಿ ಎರಡು ಸಲ ಮಡಿಸಿದ್ದ. ಒಳಗೆ ಹೋಗುವ ಮನಸ್ಸಿಲ್ಲದವನು ಅಂಗಿ ಯಾಕೆ ಕಡ ತರುತ್ತಾನೆ? ಹೆದರಿರಬೇಕು. ಅವನೂ ಓದಿದವನಲ್ಲ. ಹೆಡ್‌ಮಾಸ್ಟರ ಮುಂದೆ ನಿಲ್ಲಲು ನಾಚಿರಬೇಕು. ಹಾಗೆಂದುಕೊಂಡ ಮೇಲೆ ಎದೆ ಒಂದಿಷ್ಟು ಹಗುರಾಯಿತು. ಯೋಚಿಸುತ್ತ ಕೂತರೆ ಧೈರ್ಯ ಹೋಗುತ್ತದೆಂದು ಆಗಲೇ ಫೋನ್ ಮಾಡಿದ.

"ಹಲೋ, ಯಾರು?"

"ನಾನು."

ಆ ಕಡೆ ಟೀವಿಯ ಸದ್ದು ಸಣ್ಣದಾಯಿತು. "ಏನಾಯ್ತೋ? ಹುಷಾರಾಗಿದೀಯ ತಾನೆ?"

"ಹೂಂ. ಒಂದ್ ಮಾತು ಕೇಳ್ಬೇಕಿತ್ತು. ಅವತ್ತು ಗಾಜು ಒಡೆದಾಗ ನೀನು ಸ್ಕೂಲ್ ಒಳಗೆ ಯಾಕೆ ಬರ್ಲಿಲ್ಲ? ಹೆದರ್ಕೊಂಡ್ಯಾ? ಹೆದರ್ಕೊಂಡಿದ್ರೆ ಪರವಾಗಿಲ್ಲ, ನನಗೀಗ ಅರ್ಥ ಆಗತ್ತೆ."

ಅಣ್ಣ ನಕ್ಕ. "ಹೆದರಿಕೆ ಎಂಥದ್ದೋ? ಗೇಟಿನವನು ಬಿಡಲಿಲ್ಲ ಕಣೋ. ಅಪ್ಪಾನೇ ಬರಬೇಕು ಅಂದ. ಅಪ್ಪ ಇಲ್ಲ ಅಂದೆ. ಹಾಗಾದ್ರೆ ಸತ್ತಿದ್ದಕ್ಕೆ ಕಾಗದ ತಗೊಂಡು ಬಾ ಅಂದ. ಮಧ್ಯಾಹ್ನ ಅವನ ಪಾಳಿ ಮುಗಿದ್ರೆ ಬೇರೆಯವನು ಬಿಡಬಹುದು ಅಂತ ಕಾದೆ. ಬಂದವನು ಇವನ ಅಪ್ಪನಂಗಿದ್ದ."

"ನನಗೆ ಹೇಳ್ಲೇ ಇಲ್ಲ."

"ನೀನು ಕೇಳ್ಲೇ ಇಲ್ವಲ್ಲ." ದನಿಯಲ್ಲಿ ಕೋಪವಿರಲಿಲ್ಲ. "ಮಾರನೇ ದಿನ ಕಾಗದ ಹುಡುಕಿ ಹೊರಟಿದ್ದೆ. ಅಷ್ಟರಲ್ಲಿ ನೀನೇ ಬ್ಯಾಗನ್ನ ಮೋರಿಗೆ ಎಸೆದು ಬಂದಿದ್ದೆ. ಇದೆಲ್ಲಾ ಈಗ್ಯಾಕೆ?"

ಬ್ಯಾಗು ಎಸೆದದ್ದು ಅವನಿಗೂ ನೆನಪಿತ್ತು. ಆದರೆ ಅವನ ಕಥೆಯಲ್ಲಿ ಅದು ಅಣ್ಣ ಶಾಲೆ ಬಿಡಿಸಿದ ಮೇಲೆ ಬರುತ್ತಿತ್ತು.

"ಊಟ ಆಯ್ತಾ?" ಎಂದು ಅಣ್ಣ ಕೇಳಿದ.

"ಆಯ್ತು."

ಹಿಂದೆ ಎಲ್ಲೋ ಮಗುವೊಂದು ಅಳತೊಡಗಿತು. ಮಗು ಹುಟ್ಟಿದ್ದೇ ಅವನಿಗೆ ಗೊತ್ತಿರಲಿಲ್ಲ. "ಆಮೇಲೆ ನಾನೇ ಮಾಡ್ತೀನಿ, ತಡಿ," ಎಂದು ಅಣ್ಣ ಫೋನ್ ಇಟ್ಟ. ಗಂಡೋ ಹೆಣ್ಣೋ ಎಂದು ಕೇಳಬೇಕಿತ್ತು. ಅವನು ಬೆಳಕು ಬಾಗಿಲ ಕೆಳಗಿನ ಸಂದಿಯಿಂದ ಪೂರ್ತಿ ಸರಿದುಹೋಗುವ ತನಕ ಕೂತಿದ್ದ. ಫೋನ್ ಬರಲಿಲ್ಲ.

ಸೋಮವಾರ ಒಂಬತ್ತಕ್ಕೆ ಎಲ್ಲರೂ ಬಂದರು. ಹದಿಮೂರು ಕೋಣೆಗಳನ್ನು ಇಂಜಿನಿಯರಮ್ಮ ಬರೀ ಇಣುಕಿ ದಾಟಿದರು. ಹದಿನಾಲ್ಕರಲ್ಲಿ ನಿಂತರು. ಬಚ್ಚಲ ಬಾಗಿಲು ತೆರೆದರು. ಅದು ಮಗುಚಿಕೊಂಡು ಗೋಡೆಗೆ ಅಂಟಿ ನಿಂತಿತು. ಕನ್ನಡಕನಿಗೆ ಹೇಳಿ ಮಂಚವನ್ನು ಹೊರಗೆ ತಳ್ಳಿಸಿ ಮತ್ತೆ ಒಳಗೆ ತರಿಸಿದರು. ಎಲ್ಲೂ ತಾಗಲಿಲ್ಲ.

"ಇದು ಚೆನ್ನಾಗಿದೆ. ಎಲ್ಲಾ ಕೋಣೆಗೂ ಹೀಗೇ ಮಾಡಿಸಿ. ಯಾರ ಯೋಚನೆ ಇದು?"

"ಕೆಳಗಿನ ವಾರ್ಡಿನ ಆಯಮ್ಮ ತೋರಿಸಿದ್ರು. ನಾನು ಕೀಲು ಹಾಕಿದೆ," ಎಂದ ಅವನು.

"ಆಯಮ್ಮ ಅಂತೆ!" ಕಂಟ್ರಾಕ್ಟರು ಹೊಟ್ಟೆ ಕುಣಿಸಿ ನಕ್ಕರು. "ಹಾಸಿಗೆ ಹಾಸೋಳ ಹತ್ರ ಪಾಠ ಹೇಳಿಸ್ಕೊಂಡು ಬಂದಿದಾನೆ! ಸುಳ್ಳು ಮೇಡಂ. ಶನಿವಾರ ನಾನು ಉಗಿದೆನಲ್ಲ, ಅದರ ಫಲ ಇದು. ಎಂಟನೇ ಕ್ಲಾಸಿನ ತಲೆಗೆ ನಾಲ್ಕು ಬಿಟ್ರೆ ಅದೇ ಹನ್ನೆರಡನೇ ಕ್ಲಾಸು." ಪೇಂಟರುಗಳು ನಕ್ಕರು. ಕಂಟ್ರಾಕ್ಟರು ಅವನ ಹೆಗಲ ಮೇಲೆ ಕೈ ಹಾಕಿ ತಮ್ಮ ಕಡೆ ಎಳೆದುಕೊಂಡರು. "ಹೊಸ ಸೈಟಿಗೆ ಇವನೇ ಮೇಸ್ತ್ರಿ. ಆದ್ರೆ ಒಂದ್ ಮಾತು ಎಲ್ಲರ ಮುಂದೆ ಹೇಳ್ಬಿಡು ಮರಿ. ನಾನು ಬೈದಿದ್ದಕ್ಕೇ ನಿನಗೆ ಬುದ್ಧಿ ಬಂದಿದ್ದು. ಹೌದೋ ಅಲ್ವೋ?"

ಎಲ್ಲರೂ ಅವನ ಬಾಯಿ ನೋಡಿದರು. ಒಂದು 'ಹೌದು' ಸಾಕಾಗಿತ್ತು. ಇಂಜಿನಿಯರಮ್ಮನಿಗೆ ಬೇರೆ ಕಡೆ ಹೋಗುವುದಿತ್ತು, ಗಡಿಯಾರ ನೋಡಿಕೊಂಡರು. ಕನ್ನಡಕನ ಕಿವಿ ಕೆಂಪಾಗಿ, ಅವನು ಮಂಚದ ಚಕ್ರದ ಮೇಲೆ ಕಣ್ಣು ನೆಟ್ಟಿದ್ದ. ಹೆಗಲ ಮೇಲಿದ್ದ ಕೈ ಬೆಚ್ಚಗಿತ್ತು. ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಬೈದೇ ಬುದ್ಧಿ ಬರುತ್ತದೆಂದು ನಿಜವಾಗಿಯೂ ನಂಬಿದ್ದರು. ಯಾರೋ ಅವರನ್ನೂ ಹೀಗೇ ಹನ್ನೊಂದು ಜನರ ಮುಂದೆ ಬೆಳೆಸಿರಬೇಕು. ಈಗ ಅದೂ ಕಾಣಿಸುತ್ತಿತ್ತು. ಎಲ್ಲರ ಕಡೆಯಿಂದಲೂ ಕಾಣಿಸುತ್ತಿತ್ತು. ಕಂಡ ಮಾತ್ರಕ್ಕೆ ಸಿಟ್ಟು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ.

ಅವನು ಹೆಗಲನ್ನು ಮೆಲ್ಲಗೆ ಕೈಯ ಕೆಳಗಿನಿಂದ ಬಿಡಿಸಿಕೊಂಡ. ಬಗ್ಗಿ ಉಳಿ, ಸುತ್ತಿಗೆ, ಡ್ರಿಲ್ಲು ಒಂದೊಂದಾಗಿ ಚೀಲಕ್ಕೆ ಹಾಕಿದ. ಚೀಲ ಹೆಗಲಿಗೇರಿಸಿ ಕೋಣೆಯ ಬಾಗಿಲಿಗೆ ಬಂದ.

"ಲೋ! ಕೇಳಿದ್ದಕ್ಕೆ ಉತ್ತರ ಕೊಟ್ಟು ಹೋಗೋ! ಲೋ ಪಟಾಕಿ!"

ಕಾರಿಡಾರನ್ನು ಯಾರೋ ಆಗಷ್ಟೇ ಒರೆಸಿದ್ದರು. ಕಿಟಕಿಯ ಬಿಸಿಲು ಒದ್ದೆ ನೆಲದ ಉದ್ದಕ್ಕೂ ಬಿದ್ದಿತ್ತು. ಹೊಸಿಲಲ್ಲಿ ಅವನು ಒಂದು ಗಳಿಗೆ ನಿಂತ. ಮರದ ಹೊಟ್ಟು ಮೆತ್ತಿದ ಬೂಟುಗಳನ್ನು ಕಳಚಿ ಎಡಗೈಯಲ್ಲಿ ಹಿಡಿದುಕೊಂಡ. ಆಮೇಲೆ ಗೋಡೆಯ ಪಕ್ಕ ಒಣಗಿದ್ದ ಒಂದಡಿ ಜಾಗದಲ್ಲಿ, ಬರಿಗಾಲಲ್ಲಿ, ಮೆಟ್ಟಿಲ ಕಡೆಗೆ ನಡೆದ.